ಹೊತ್ತು ನೋಡಿ ಎಳೆದ ಗೆರೆ

ಖಾನಾಪುರದ ರಾಜಮತಿಗೆ ಚಿಂತೆ ಮಾಡಲು ಕಾರಣವೇ ಬೇಕಿರಲಿಲ್ಲ. ಮಗಳು ಸೀನಿದರೆ ನೆಗಡಿಯಾಯಿತೇ ಎಂದು, ಸೀನದಿದ್ದರೆ ಮೂಗು ಕಟ್ಟಿತೇ ಎಂದು. ಹಸುಗೂಸನ್ನು ಅತ್ತೆ ಶಾಂತಮ್ಮನ ಮಡಿಲಿಗೆ ಹಾಕಿ ಬೆಳಗಾವಿಯ ರೈಲು ಹತ್ತಿದರೆ, ದೇಸೂರು ನಿಲ್ದಾಣ ದಾಟುವವರೆಗೂ ಜೀವ ಹಿಂದೆಯೇ ಉಳಿದಿರುತ್ತಿತ್ತು.

ಆದರೂ ಹೋಗುತ್ತಿದ್ದಳು. ದೇಶದಲ್ಲಿ ಕೆಲಸ ಹುಡುಕುವವರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಹೇಗೆ ಏರಿಳಿಯುತ್ತದೆ, ಮುಂದೆ ಎಷ್ಟಾದೀತು ಎಂಬುದು ಅಲ್ಲಿ ಅವಳ ಪಿಎಚ್.ಡಿ. ಸಂಶೋಧನೆ. ಹಳೆಯ ಅಂಕಿಗಳನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಟ್ಟು ನೋಡಿದಾಗ ಪ್ರತಿ ಜೂನ್‌ನಲ್ಲೂ ಒಂದು ಗುಡ್ಡ ಏಳುತ್ತಿತ್ತು. ಪಾಸಾದ ಹುಡುಗರೆಲ್ಲ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸುವ ತಿಂಗಳದು.

೧೯೮೨ರಲ್ಲಿ ಮಾತ್ರ ಗುಡ್ಡ ಎದ್ದದ್ದು ಆಗಸ್ಟ್‌ನಲ್ಲಿ. ಜೂನ್ ಎಂದಿದ್ದ ಅವಳ ಅಂದಾಜು ಮುಗ್ಗರಿಸಿತು.

“ಇದು ಭವಿಷ್ಯ ಹೇಳಿದಂಗ ಆತಲ್ರಿ ಬಾಯಿ, ಗಿಳಿ ಒಂದ ಕಡಿಮಿ,” ಎಂದು ನಕ್ಕರು ಮಾರ್ಗದರ್ಶಕ ಚನ್ನಬಸಯ್ಯ. “ಮುಂದಿನ ವರ್ಷನೂ ತಪ್ಪಿದ್ರ ವಿಷಯಾನ ಬದಲ ಮಾಡೂಣು.”

ವರ್ಷಗಳ ದುಡಿಮೆ ನೀರಲ್ಲಿ ಹೋಮ. ಸಪ್ಪೆ ಮುಖ ಹೊತ್ತು ಮನೆಗೆ ಬಂದರೆ, ಆಗಲೇ ಊಟಕ್ಕೆ ತಾಟು ಹಾಕಿಯಾಗಿತ್ತು.

“ಇನ್ನ ಆರ ಹೊಡದಿಲ್ರಿ ಅತ್ತಿ. ಬ್ಯಾಸಗಿಯಾಗ ಏಳರ ಸುಮಾರಿಗೆ ಉಣ್ತಿದ್ವಿ.”

“ಜೈನರ ಮನಿಗೆ ಸೊಸಿಯಾಗಿ ಬಂದು ಇದೆಂಥಾ ಮಾತವಾ? ಹೊತ್ತು ಮುಳುಗೂದ್ರಾಗ ಉಣಬೇಕು. ಸೂರ್ಯಾ ಏನ ಗಡಿಯಾರ ಕೇಳಿ ಮುಳುಗತಾನೇನು?”

ಬಾಯಿಗೆ ಹೊರಟ ತುತ್ತು ಅಲ್ಲೇ ನಿಂತಿತು. ೧೯೮೨ರಲ್ಲಿ ಎಷ್ಟೋ ಕಡೆ ಪರೀಕ್ಷೆಯ ಫಲಿತಾಂಶವೇ ತಡವಾಗಿತ್ತಲ್ಲ. ಗುಡ್ಡ ಕಾಯುವುದು ಫಲಿತಾಂಶವನ್ನು, ಜೂನ್ ಅನ್ನಲ್ಲ. ಮರುದಿನವೇ ತಿಂಗಳುಗಳನ್ನು ಜನವರಿಯಿಂದ ಎಣಿಸುವುದು ಬಿಟ್ಟು ಫಲಿತಾಂಶ ಬಂದಂದಿನಿಂದ ಎಣಿಸಿ, ಇಡೀ ಲೆಕ್ಕವನ್ನು ಮೊದಲಿನಿಂದ ಹಾಕಿದಳು.

ಮುಂದಿನ ವರ್ಷವೂ ಫಲಿತಾಂಶ ಒಂದು ತಿಂಗಳು ತಡವಾಯಿತು. ಆದರೂ ಚನ್ನಬಸಯ್ಯ ಗುಡ್ಡ ಏಳುವುದು ಎಂದಿನಂತೆ ಜೂನ್‌ನಲ್ಲೇ ಎಂದರು. ರಾಜಮತಿ ಜುಲೈ ಎಂದು ಪೆನ್ಸಿಲ್ ಗೆರೆ ಎಳೆದು, ತಪ್ಪಿದರೇನು ಗತಿ ಎಂದು ನಿದ್ದೆಗೆಟ್ಟಳು.

ಅಂಕಿಗಳು ಅಚ್ಚಾಗಿ ಬರುವಷ್ಟರಲ್ಲಿ ಮಗಳು ಅಂಗಳದ ತುಂಬ ಓಡಾಡುತ್ತಿದ್ದಳು. ಚನ್ನಬಸಯ್ಯ ತಾವೇ ಚುಕ್ಕಿಯಿಟ್ಟರು. ಜುಲೈ ಚುಕ್ಕಿ ಅವಳ ಗೆರೆಯ ಮೇಲೆಯೇ ಹೋಗಿ ಕುಳಿತಿತು.

“ನನ್ನ ಜೂನ್ ಎಲ್ಲಿ ಹೋತ್ರಿ?”

“ನಿಮ್ಮ ಗಿಳಿನ್ನ ಕೇಳ್ರಿ ಸರ್.”

ಅವರು ಕನ್ನಡಕ ತೆಗೆದು ಮನಸಾರೆ ನಕ್ಕರು. “ಸೋತೆ ನಾನು. ಸೆಮಿನಾರದಾಗ ಎಲ್ಲಾರಕಿಂತ ಮೊದಲ ನೀವ ಪ್ರಬಂಧ ಓದ್ರಿ.”

ಸಂಜೆ ಶಾಂತಮ್ಮ ಬಾಗಿಲಲ್ಲೇ ಕೇಳಿದಳು. “ಗೆದ್ದಿ ಏನವಾ?”

“ಗೆದ್ದೆರಿ ಅತ್ತಿ. ಎರಡ ರೊಟ್ಟಿ ಹೆಚ್ಚಿಗಿ ಹಾಕ್ರಿ.”

“ಲಗೂನ ಕುಂದರು. ಹೊತ್ತು ಮುಳುಗಾಕತ್ತೈತಿ.”

ಮಗಳು ಸೀನಿದಳು. ರಾಜಮತಿ ರೊಟ್ಟಿ ಮುರಿದಳು.