ಅಣ್ಣ ಹೆಡ್‌ಫೋನ್ ಹಾಕಿಕೊಂಡ ದಿನ

ಮಳವಳ್ಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಒಂಬತ್ತು ವರ್ಷ ನರ್ಸಾಗಿದ್ದೆ. ಈಗ ಮಂಡ್ಯದಲ್ಲಿದ್ದೇನೆ. ಇಲ್ಲಿ ಟೋಕನ್ನು, ಕುರ್ಚಿ, ಫ್ಯಾನು ಎಲ್ಲಾ ಇದೆ. ಆದರೂ ಹೊಂಗೆಮರದ ಕೆಳಗೆ ಚೀಟಿ ಹಿಡಿದು ನಿಂತು, ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ವರ್ಣಿಸುತ್ತಿದ್ದ ಆ ಸಾಲು ನನಗೆ ಇವತ್ತಿಗೂ ಬೇಕೆನಿಸುತ್ತದೆ. ಅಂಥ ಗಲಾಟೆಯ ಜನ ಮತ್ತೆಲ್ಲೂ ಸಿಕ್ಕಿಲ್ಲ.

ಅಲ್ಲಿದ್ದಾಗಲೇ ಒಂದು ಟ್ಯಾಬು ಬಂತು. ಬಿಪಿ, ಶುಗರ್ ತೋರಿಸಲು ಬಂದ ಗಂಡಸರನ್ನು ಡಾಕ್ಟರ ಬಳಿ ಕಳಿಸುವ ಮೊದಲು ಪಕ್ಕದ ಕೋಣೆಯಲ್ಲಿ ಅದರ ಮುಂದೆ ಕೂರಿಸಬೇಕು. ಹೆಡ್‌ಫೋನಿನಲ್ಲಿ ಒಂದು ಹೆಣ್ಣುದನಿ ಕುಡಿತದ ಬಗ್ಗೆ ಕೇಳುತ್ತದೆ, ಹೇಳಿದ್ದಕ್ಕೆ ತಕ್ಕಂತೆ ಮಾತು ಮುಂದುವರಿಸುತ್ತದೆ, ಕಡಿಮೆ ಮಾಡುವ ದಾರಿ ತೋರಿಸುತ್ತದೆ. ನಮ್ಮೆದುರು ನಾಚುವವರು ಯಂತ್ರದೆದುರು ನಿಜ ಹೇಳುತ್ತಾರೆ, ಮಾತು ಹೊರಗೆ ಹೋಗುವುದಿಲ್ಲ ಎಂದು ಅದನ್ನು ತಂದವರು ನಮಗೆ ಪಾಠ ಮಾಡಿದ್ದರು.

ನಿಜವನ್ನೇನೋ ಹೇಳಿದರು. ಆದರೆ ಕಿವಿ ಮುಚ್ಚಿಕೊಂಡವನಿಗೆ ತನ್ನ ದನಿ ಎಷ್ಟು ಜೋರಾಗಿದೆ ಎಂದು ತಿಳಿಯುವುದಿಲ್ಲ. ಒಬ್ಬೊಬ್ಬರೂ ಆಚೆ ಗದ್ದೆಯವರನ್ನು ಕರೆಯುವ ಹಾಗೆ ಕೂಗುತ್ತಿದ್ದರು. “ದಿನಾ ಒಂದ್ ಕ್ವಾಟ್ರು ಕಣಮ್ಮೋ! ಅಬ್ಬ ಬಂದ್ರೆ ಲೆಕ್ಕ ಇಲ್ಲ!” ಹೊರಗಿನ ಸಾಲು ಬಿದ್ದು ಬಿದ್ದು ನಗುತ್ತಿತ್ತು. “ಸುಳ್ಳು ಯೋಳ್ತಾವ್ನೆ, ಎಲ್ಡು ಅಂತ ಬರ್ಕೊ ತಾಯಿ” ಎಂದು ಹೆಂಡತಿ ಹೊರಗಿನಿಂದಲೇ ತಿದ್ದುತ್ತಿದ್ದಳು. ಮೆಲ್ಲಗೆ ಮಾತಾಡಿ ಎಂದು ಬರೆದು ಗೋಡೆಗೆ ಅಂಟಿಸಿದೆ. ಯಾರು ಓದುತ್ತಾರೆ? ತಪ್ಪು ಎಂದು ಗೊತ್ತಿದ್ದೂ ನಾನೂ ನಗುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಅಣ್ಣ ಮದ್ದೂರು ಕಡೆಯ ನಮ್ಮೂರಿಂದ ಬಸ್ಸಿಗೆ ಬಂದ. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಕಾರ್ಖಾನೆ ಮುಂದೆ ಸರದಿ ಕಾಯುತ್ತಾ ಕಾಯುತ್ತಾ ಕುಡಿತ ಕಲಿತವನು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ದಾಟುತ್ತಿದ್ದ ಆ ಗಟ್ಟಿ ಆಳಿನ ಕಣ್ಣು ಹಳದಿಯಾಗಿತ್ತು, ಕಾಲು ಊದಿತ್ತು. ಹೀಗೇ ಕುಡಿದರೆ ಇವನು ಬಹಳ ದಿನ ಉಳಿಯುವುದಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಆದರೂ “ಬಾ ಅಣ್ಣ” ಎಂದೆನೇ ಹೊರತು ಬೇರೆ ಮಾತಿಲ್ಲ. ಹೇಳಿ ಹೇಳಿ ಸೋತು, ಎರಡು ವರ್ಷದಿಂದ ಅವನ ಹತ್ತಿರ ಕುಡಿತದ ಮಾತೇ ಎತ್ತಿರಲಿಲ್ಲ. ಊರಿನ ಗಂಡಸರಿಗೆಲ್ಲ ಬುದ್ಧಿ ಹೇಳುವ ನಾನು, ಅವನನ್ನು ಮಾತ್ರ ಟ್ಯಾಬಿಗೆ ಒಪ್ಪಿಸಿ ಹೊರಗೆ ಬಂದೆ.

“ದಿನಾ ಕುಡೀತೀನಿ” ಎಂದು ಅವನೂ ಕೂಗಿದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಮ್ಮ ಕುಡಿತದಿಂದ ಮನೆಯವರು ಯಾರಾದರೂ ನೊಂದಿದ್ದಾರೆಯೇ ಎಂದು ಆಮೇಲೆ ಅದು ಕೇಳುವುದು ನನಗೆ ಬಾಯಿಪಾಠವಾಗಿತ್ತು. ಅದಕ್ಕೂ ಅವನು ಅಷ್ಟೇ ಜೋರಾಗಿ ಹೇಳಿದ.

“ನನ್ ತಂಗಿ ಒಬ್ಳು ಬಯ್ತಿದ್ಲು ಕಣಮ್ಮ. ಅವ್ಳೂ ಬಯ್ಯೋದ್ ಬುಟ್ಬುಟ್ಲು. ಇವ್ನು ಓಗೋನೇಯ ಅಂತ ಅವ್ಳಿಗೂ ಗೊತ್ತಾಗೋಯ್ತು ಅಂತ ಕಾಣ್ತದೆ.”

ಯಾರೂ ನಗಲಿಲ್ಲ. ನಾನು ಅವನನ್ನು ಅಣ್ಣ ಎಂದು ಕರೆದದ್ದು ಸಾಲಿಗೆಲ್ಲ ಕೇಳಿತ್ತು. ಬಿಪಿ ನೋಡುತ್ತಿದ್ದವಳು ಅದನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಅವನ ಕಿವಿಯಿಂದ ಹೆಡ್‌ಫೋನ್ ಕಿತ್ತು, ಅಳುತ್ತಲೇ ಬಯ್ದೆ. “ನೀನ್ ಸತ್ತೋದ್ರೆ ನಂಗ್ಯಾರಣ್ಣ ಅವ್ರೆ?” ಅವನು ತಲೆ ತಗ್ಗಿಸಿ ಎಲ್ಲಾ ಕೇಳಿಸಿಕೊಂಡ. ಆಮೇಲೆ ಕೈ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಒಳಗಿನ ಮಾತು ಸಾಲಿಗೆ ಕೇಳಿಸದಂತೆ ಟ್ಯಾಬನ್ನು ಅವತ್ತೇ ಹಿಂದಿನ ಕೋಣೆಗೆ ಹಾಕಿಸಿ ಬಾಗಿಲು ಮುಚ್ಚಿಸಿದೆ. ಅಣ್ಣ ಹದಿನೈದು ದಿನ ಮಂಡ್ಯದ ಆಸ್ಪತ್ರೆಯಲ್ಲಿದ್ದ. ಒಂದೇ ಏಟಿಗೆ ಬಿಟ್ಟ ಎಂದರೆ ಸುಳ್ಳಾಗುತ್ತದೆ. ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಕುಡಿದ ದಿನ ತಾನೇ ಫೋನ್ ಮಾಡಿ “ಬಯ್ಯಮ್ಮ” ಎನ್ನುತ್ತಿದ್ದ, ನಾನು ಬಯ್ಯುತ್ತಿದ್ದೆ. ಆ ಫೋನ್ ಬಂದು ಎಷ್ಟೋ ತಿಂಗಳಾಗಿತ್ತು. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ನಂಬರು ಕಂಡು, ಮತ್ತೆ ಕುಡಿದನೇ ಎಂದುಕೊಂಡು ಎಂಜಲು ಕೈಯಲ್ಲೇ ಎತ್ತಿದೆ.

“ಬಯ್ಯೋದೇನಿಲ್ಲ ಕಣಮ್ಮ” ಎಂದ. “ಸುಮ್ಕೆ ಮಾಡ್ದೆ.”