ಮಾಮಿಯ ‘ರಿ’

ಮಾಮಿಯ ಬಲಗೈಯ ಗೆಣ್ಣುಗಳು ಯಾವಾಗಲೂ ಕಂದಿರುತ್ತಿದ್ದವು. ಸನಮಡಿಯ ಆ ಮನೆಯ ತಲೆಬಾಗಿಲು ಬಹಳ ಗಿಡ್ಡ. ಯಾರೇ ಬರಲಿ, ಮಾಮಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದು, ಚೌಕಟ್ಟಿನ ಮೇಲ್ಪಟ್ಟಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಬಂದವರ ಹಣೆ ಹಿಟ್ಟಿನ ಅಂಗೈಗೆ ಬಡಿಯುತ್ತಿತ್ತು, ಗೆಣ್ಣು ಕಟ್ಟಿಗೆಗೆ. ಹಾಲು ಹಾಕುವವನಿಗೂ ಹಾಗೆಯೇ, ಮತ ಕೇಳಲು ಬಂದ ಪುಢಾರಿಗೂ ಹಾಗೆಯೇ. ಹಣೆಗೆ ಹಿಟ್ಟು ಮೆತ್ತಿಸಿಕೊಂಡು ಕೂತ ಆ ಪುಢಾರಿಯನ್ನು ನೋಡಿ ನಾನು ನಕ್ಕಿದ್ದು ಇನ್ನೂ ನೆನಪಿದೆ. ‘ಬಗ್ರಿ’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಊರಿನವರೆಲ್ಲ ಅನ್ನುವುದು ಅದನ್ನೇ. ಮಾಮಿ ಆ ಮಾತನ್ನು ಬಾಯಿಗೆ ತರುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಎಲ್ಲರಿಗೂ ‘ರಿ’ ಹಚ್ಚಿಯೇ ಮಾತು. ಹಿರಿಯರಿಗೆ ಸರಿ, ಊರ ರೂಢಿಯೇ ಅದು. ಇವರು ತೊಟ್ಟಿಲ ಕೂಸನ್ನು ಮಲಗಿಸುವಾಗಲೂ ‘ಮಕ್ಕೋರಿ’ ಎನ್ನುವವರು. ಆಡಿಗೆ ‘ಬರ್ರಿ, ನೀರ ಕುಡೀರಿ’. ಕೋಳಿ ಓಡಿಸುವಾಗಲೂ ‘ಹೋಗ್ರಿ ಆ ಕಡೆ’. ಹೆಂಗಸರು ನೀರಿಗೆ ನಿಂತಲ್ಲಿ ಇವರಿಗೆ ‘ರೀ ಬಾಯಿ’ ಎಂದು ಹೆಸರಿಟ್ಟು ಮುಸಿಮುಸಿ ನಗುತ್ತಿದ್ದರು. ಮಾಮಿಗೆ ಗೊತ್ತಿತ್ತು. ನಗುವವರಿಗೆ ನಗಲು ಬಿಡುತ್ತಿದ್ದರು. ನನಗೇ ತಡೆಯಲಾಗದೆ ಒಂದಿಬ್ಬರಿಗೆ ಚುರುಕು ಮುಟ್ಟಿಸಿದ್ದೆ.

ಮಾಮಿ ನನ್ನ ಸೋದರಮಾವನ ಹೆಂಡತಿ. ಹುಟ್ಟಿದ್ದು ಮಾಲವಣದ ಹತ್ತಿರ, ಸಮುದ್ರದ ದಂಡೆಗೆ, ದೋಣಿ ಇದ್ದ ಮರಾಠಿ ಮನೆಯಲ್ಲಿ. ಮಾಮಾ ಮಾಸ್ತರಿಕೆ ಸೇರಿದ ಹೊಸತರಲ್ಲಿ ಅವನನ್ನು ಆ ಊರಿನ ಶಾಲೆಗೆ ಹಾಕಿದ್ದರು. ಬದಲಿಯಾಗಿ ಗಡಿಯ ನಮ್ಮ ಜತ್ತ ತಾಲೂಕಿಗೆ ಬರುವಾಗ ಮಾಮಿಯನ್ನು ಮದುವೆಯಾಗಿ ಕರೆದುಕೊಂಡು ಬಂದ. ಲಿಂಗ ಕಟ್ಟುವ ಮನೆಗೆ ಮೀನಿನ ಮನೆಯ ಸೊಸೆ ಎಂದು ನಮ್ಮವರು ಸೆಟೆದು ನಿಂತಿದ್ದರು. ಆ ಬಿಗುವು ಸಡಿಲಿಸಿದ್ದು ಇದೇ ಗಿಡ್ಡ ಬಾಗಿಲು. ಹೊಸ ಮದುಮಗಳು ಹೊಸ್ತಿಲ ಮುಂದೆ ನಿಂತಾಗ ನಮ್ಮಜ್ಜಿ ‘ಬಗ್ಗ’ ಎಂದಳು. ಕನ್ನಡದಲ್ಲಿ ಅದು ತಲೆ ತಗ್ಗಿಸು ಎಂದು. ಮದುಮಗಳಿಗೆ ಕೇಳಿದ್ದು ಮರಾಠಿಯ ‘ಬಘ’. ಅಂದರೆ ನೋಡು. ಹೊಸ ಸೊಸೆ ಆಸೆಯಿಂದ ಕತ್ತೆತ್ತಿ ಮೇಲೆ ನೋಡಿ ಹಣೆ ಜಜ್ಜಿಸಿಕೊಂಡಳು. ನೆರೆದವರೆಲ್ಲ ನಕ್ಕರು, ಅಜ್ಜಿ ಓಡಿ ಬಂದು ಅರಿಶಿಣ ಒತ್ತಿದಳು, ಅಲ್ಲಿಗೆ ಅರ್ಧ ಜಗಳ ಮುಗಿಯಿತು. ಹಬ್ಬ ಹುಣ್ಣಿಮೆಗೆ ಮಂದಿ ಕೂಡಿದಾಗಲೆಲ್ಲ ಈ ಕಥೆ ಹೊರಬರುತ್ತಿತ್ತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಮಾಮಿಯೇ.

ಗಂಡ ಹೆಂಡತಿ ಒಂದು ಕರಾರು ಮಾಡಿಕೊಂಡಿದ್ದರು. ಮಾಮಿ ಪರಕೀಯಳೆಂದು ಅನ್ನಿಸಿಕೊಳ್ಳಬಾರದೆಂದು ಮನೆಯಲ್ಲಿ ಬರೀ ಕನ್ನಡ ಆಡುತ್ತಿದ್ದರು. ಅವರಿಗೆ ತವರಿನ ಮಾತು ತಪ್ಪಬಾರದೆಂದು ಮಾಮಾ ಅವರೊಡನೆ ಬರೀ ಮರಾಠಿ ಆಡುತ್ತಿದ್ದ. ಅವರು ಇವನ ಮಾತಿನಲ್ಲಿ ಕೇಳುವುದು, ಇವನು ಅವರ ಮಾತಿನಲ್ಲಿ ಉತ್ತರ ಕೊಡುವುದು. ಹೊಸಬರಿಗೆ ಹುಚ್ಚು ಹಿಡಿಯಬೇಕು. ನನಗೆ ಮಾತ್ರ ಆ ಮನೆಗೆ ಹೋದಾಗಲೆಲ್ಲ ಪ್ರೀತಿ ಅಂದರೆ ಹೀಗಿರಬೇಕು ಅನ್ನಿಸುತ್ತಿತ್ತು. ಮೀನು ಬಿಟ್ಟ ಬಗ್ಗೆ ಮಾಮಿ ಒಂದು ದಿನವೂ ಗೊಣಗಿದ್ದಿಲ್ಲ. ತವರಿನದೆಂದು ಉಳಿದದ್ದು ಹುಳಿಗೆಂದು ಸಾರಿಗೆ ಹಾಕುವ ಆಮಸೂಲ ಒಂದು, ಸಂಜೆ ಮಾಳಿಗೆ ಹತ್ತಿ ಗುಡ್ಡದ ಗಾಳಿಯಂತ್ರ, ಆ ಪವನಚಕ್ಕಿ, ನೋಡುವುದೊಂದು. ಅದು ಮೋರೆ ತಿರುಗಿಸಿದ ದಿನ ‘ಗಾಳಿ ಬದಲಾಗೇದ’ ಎಂದು ಕೆಳಗಿಳಿದು ಬರುತ್ತಿದ್ದರು. ಗಾಳಿ ಯಾವ ಕಡೆಯಿಂದ ಬಂದರೆ ಸನಮಡಿಗೆ ಏನಾಗಬೇಕಿತ್ತು, ಯಾರೂ ಕೇಳುತ್ತಿರಲಿಲ್ಲ.

ನಾನು ಡಿಗ್ರಿ ಮುಗಿಸಿದ ಬೇಸಿಗೆಯಲ್ಲಿ ಮಾಮಿಯ ಅಣ್ಣ ಫೋನು ಮಾಡಿದರು. ಎಂಜಿನ್ನಿನ ಬೋಟು ಕೊಂಡಾಗಿದೆ, ಅಪ್ಪನ ಕಾಲದ ಹಾಯಿದೋಣಿ ಮಾರುವವನಿದ್ದೇನೆ, ಮಾರುವ ಮುಂಚೆ ಒಮ್ಮೆ ಬಂದು ಹೋಗು ಎಂದರು. ಮಾಮಿ ಫೋನು ಇಟ್ಟು ಒಳಗೆ ಹೋದರು. ಮಾಮಾ ಅವರ ಬೆನ್ನು ನೋಡಿ, ಮೇ ರಜೆಯಲ್ಲಿ ಮೂವರೂ ಹೋಗೋಣ, ದಂಡೆ ಹಿಡಿದು ವಿಜಯದುರ್ಗದವರೆಗೆ ದೋಣಿಯಲ್ಲೇ ಹೋಗಿ ಬರೋಣ ಎಂದ. ಅವನಿಗೆ ಈಜು ಬರುತ್ತಿರಲಿಲ್ಲ. ಲೋಟದ ತಳದ ನೀರನ್ನೂ ಕರಿಬೇವಿನ ಬುಡಕ್ಕೆ ಹಾಕುವ ಸೀಮೆಯವನು, ಎಲ್ಲಿ ಕಲಿಯಬೇಕು?

ದೋಣಿ ಹತ್ತಿದ ಮಾಮಿಯನ್ನು ನಾನು ಗುರುತಿಸಲೇ ಇಲ್ಲ. ಸೀರೆ ಕಚ್ಚೆ ಹಾಕಿ ಚುಕ್ಕಾಣಿ ಹಿಡಿದು ಕೂತು ಗಂಟಲು ಬಿಟ್ಟು ಕೂಗುವ ಈ ಹೆಂಗಸು ಯಾರು? ಗಾಳಿ ಎದುರಿನದಾದ್ದರಿಂದ ದೋಣಿ ನೇರ ಹೋಗದೆ ಅಡ್ಡಡ್ಡ ಸಾಗಬೇಕಿತ್ತು. ಪ್ರತಿ ಸಲ ತಿರುಗುವಾಗ ಹಾಯಿಯ ಅಡಿಗೆ ಕಟ್ಟಿದ ಉದ್ದನೆಯ ಗಳ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿ ಬರುತ್ತಿತ್ತು. ಆಗ ಎಲ್ಲರೂ ತಲೆ ತಗ್ಗಿಸಬೇಕು. ಮೊದಲ ದಿನ ಮಾಮಿ ‘ಬಗ್ರಿ, ಬಗ್ರಿ’ ಎಂದು ಕೂಗುತ್ತಿದ್ದರು. ಮಾಮಾ ನಕ್ಕ. ದೋಣಿಯಲ್ಲಿ ‘ರಿ’ ಬೇಡ ಮಾರಾಯ್ತಿ, ನೀನು ಮರ್ಯಾದೆ ಕೊಡುವಷ್ಟರಲ್ಲಿ ನನ್ನ ತಲೆ ಹೋಗಿರುತ್ತದೆ ಎಂದು ತನ್ನ ಮರಾಠಿಯಲ್ಲಿ ಹೇಳಿದ. ಗಂಡನಿಗೆ ಏಕವಚನ ಹೇಗೆ ಎಂದು ಮಾಮಿ ನಾಚಿದರು. ಅವನು ಬಿಡಲಿಲ್ಲ. ಅಂದಿನಿಂದ ಬರೀ ‘ಬಗ್ಗ’.

ಸಂಜೆ, ಸಮುದ್ರ ನೆಲದೊಳಗೆ ಚಾಚಿದ ಯಾವುದಾದರೂ ಖಾಡಿಯೊಳಗೆ ದೋಣಿ ತಂದು, ದಂಡೆಯ ಊರಿನಲ್ಲಿ ಉಳಿಯುತ್ತಿದ್ದೆವು. ಒಂದು ಮನೆಯಲ್ಲಿ ಮಾಮಿಯ ಬಳಗದವರು ತಾಟಿನಲ್ಲಿ ಮೀನು ಇಟ್ಟರು. ಮಾಮಿ ತಾಟು ನೋಡುತ್ತ ಕೂತರು. ಮಾಮಾ ಸಮುದ್ರ ನೋಡಿ ಬರುತ್ತೇನೆಂದು ಎದ್ದು, ನನ್ನನ್ನೂ ಕರೆದುಕೊಂಡು ಹೊರಗೆ ನಡೆದ. ಆ ಕತ್ತಲಲ್ಲಿ ಏನು ಸಮುದ್ರ ಕಾಣುತ್ತದೆ? ಸೊಳ್ಳೆ ಕಚ್ಚಿಸಿಕೊಳ್ಳುತ್ತ ನಿಂತೆವು. ಒಳಗೆ ಬಂದಾಗ ಮಾಮಿಯ ಕಣ್ಣು ತೊಯ್ದಿತ್ತು, ತಾಟು ಖಾಲಿಯಾಗಿತ್ತು.

ವಿಜಯದುರ್ಗ ಇನ್ನೇನು ಹತ್ತಿರ ಬಂತೆನ್ನುವಾಗ ಡಾಲ್ಫಿನ್‌ಗಳು ಕಂಡವು. ಮಧ್ಯಾಹ್ನವೆಲ್ಲ ದೋಣಿಯ ಸುತ್ತ ಏಳುವುದು, ಮುಳುಗುವುದು. ಮಾಮಿಗೆ ಖುಷಿಯಲ್ಲಿ ಕನ್ನಡ ಮರೆತೇ ಹೋಯಿತು. ಕರಾರು ಮುರಿದು ತವರಿನ ಮಾತಿಗೆ ಇಳಿದರು. ‘ಬಘ, ಬಘ’ ಎಂದು ಒಮ್ಮೆ ಎಡಕ್ಕೆ ಕೈ ತೋರಿಸುವುದು, ಒಮ್ಮೆ ಬಲಕ್ಕೆ. ಮಾಮಾ ಸಣ್ಣ ಹುಡುಗರ ಹಾಗೆ ಕತ್ತು ತಿರುಗಿಸುತ್ತಿದ್ದ. ಅಷ್ಟರಲ್ಲಿ ಗಾಳಿ ಒಮ್ಮೆಲೇ ಮಗ್ಗುಲು ಬದಲಿಸಿತು. ಮಾಮಿ ಕೂಗಿದರು: “ಬಗ್ಗ!”

ನಾನು ಬಗ್ಗಿದೆ. ಮಾಮಾ ಎದ್ದು ನೋಡಿದ.

ಗಳ ಕಿವಿಯ ಮೇಲೆ ಬಡಿಯಿತು. ದೊಡ್ಡ ಗಾಯವೇನಲ್ಲ, ಎರಡು ಹನಿ ರಕ್ತ. ಅವನು ಕುಸಿದು ಕೂತು, ತಡವರಿಸಿ, ನಕ್ಕೂ ಬಿಟ್ಟ. ದಂಡೆಗೆ ಬಂದು ಚಹಾ ಕುಡಿದ. ಮಾಮಿ ಅರಿಶಿಣ ಒತ್ತುತ್ತ ಅಳುತ್ತಿದ್ದರು. ಸಮಾಧಾನ ಮಾಡಲೆಂದು ಅವನು ಅವರ ಕೈ ಹಿಡಿದು, “ತೂ ಬಘ ಮ್ಹಣಾಲೀಸ, ಮೀ ಬಘಿತಲಂ” ಎಂದ. ನೀನು ನೋಡು ಅಂದಿ, ನಾನು ನೋಡಿದೆ. ಸೊಸೆಯ ಹಣೆ ಜಜ್ಜಿದ ಆ ಹಳೆಯ ಕಥೆಯ ಸೇಡು ತೀರಿತು ಎಂಬಂತೆ ನನಗೂ ಕಣ್ಣು ಹೊಡೆದ. ನಾನು ನಕ್ಕೆ. ಆಮೇಲೆ ವಾಂತಿ ಶುರುವಾಯಿತು. ಜೀಪು ಸಿಕ್ಕು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ತಲೆಯ ಒಳಗೆ ರಕ್ತ ಸೋರಿದೆ ಎಂದರು. ಬೆಳಗಾಗುವಷ್ಟರಲ್ಲಿ ಮಾಮಾ ಹೋಗಿಬಿಟ್ಟ.

ನಮ್ಮವರ ಬಾಯಿಗೆ ಬೀಗ ಎಲ್ಲಿದೆ? ಮೀನಿನವಳು ಗಂಡನನ್ನು ನೀರಿಗೆ ಕರೆದೊಯ್ದು ತಿಂದಳು ಎಂದರು. ನಾನು ಜಗಳ ತೆಗೆದೆ, ಮಾಮಿ ನನ್ನ ಸೆರಗು ಹಿಡಿದು ಕೂರಿಸಿದರು. ಅವರ ಅಣ್ಣ ಕರೆಯಲು ಬಂದಾಗ ನಮ್ಮವರಿಗೆಲ್ಲ ಒಳಗೊಳಗೇ ಹಗುರವಾಯಿತು. ಮಾಮಿ ಹೋಗಲಿಲ್ಲ. ಅನುಕಂಪದ ಮೇಲೆ ಶಾಲೆಯಲ್ಲಿ ಸಣ್ಣ ಕೆಲಸ ಸಿಕ್ಕಿತು, ಅದನ್ನು ಮಾಡಿಕೊಂಡು ಅದೇ ಮನೆಯಲ್ಲಿ ಉಳಿದರು. ಬಾಗಿಲಿಗೆ ಕೈ ಹಿಡಿಯುವುದು ಶುರುವಾದದ್ದು ಆಗಲೇ. ಆಡು ಕೋಳಿಗೆ ‘ರಿ’ ಹಚ್ಚಿದ್ದೂ ಆಗಲೇ. ಮಾಳಿಗೆ ಹತ್ತುವುದು ನಿಂತಿತು.

ಒಂದು ಸಲ, ಶೇಂಗಾ ಸುಲಿಯುತ್ತ ಕೂತಾಗ, ಇಲ್ಲಿ ಯಾಕೆ ಈ ಮಂದಿಯ ನಡುವೆ ಕೊಳೆಯುತ್ತೀರಿ, ತವರಿಗೆ ಹೋಗಬಾರದೇ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಮಾಮಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅಲ್ಲಿ ಹ್ವಾದ್ರ ಹಗಲೆಲ್ಲಾ ‘ಬಘ, ಬಘ’ ಅಂತಾರ್ರಿ. ಹುಡುಗರು ಅಂತಾವ, ಮೀನ ಮಾರಾವರು ಅಂತಾರ. ನನಗ ಕೇಳೂದ ಆಗೂದಿಲ್ಲ. ಇಲ್ಲಿ ನಿಮ್ಮ ಮಾಮಾರ ಮಾತ ಅದ.”

ತಪ್ಪು ನಿಮ್ಮದಲ್ಲ, ನೀವು ಸರಿಯಾಗಿಯೇ ಕೂಗಿದಿರಿ, ನಾನು ಅಲ್ಲೇ ಇದ್ದೆ, ನನಗೆ ಸರಿಯಾಗಿಯೇ ಕೇಳಿತು ಎಂದೆ. ಎಷ್ಟೋ ಸಲ ಹೇಳಿದ್ದೆ ಅದನ್ನು. ಮಾಮಿ ಹಣೆ ಮುಟ್ಟಿಕೊಂಡರು, ಮದುವೆಯ ದಿನ ಜಜ್ಜಿದ ಜಾಗವನ್ನು.

“ಆ ಮಾತ ಹ್ಯಾಂಗ ಕೇಳಸ್ತದ ಅಂತ ಎಲ್ಲಾರಕಿಂತ ಮೊದಲ ನನಗ ಗೊತ್ತಿತ್ತು. ಒಂದ ‘ರಿ’ ಇತ್ತಂದ್ರ ಉಳೀತಿದ್ರು.”

ನಾನು ಮಾತಿನಿಂದಲೇ ಹೊಟ್ಟೆ ಹೊರೆಯುವವಳು, ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಪ್ರತ್ಯಯ ಒಬ್ಬ ಮನುಷ್ಯನ ಜೀವದಷ್ಟು ತೂಗುತ್ತದೆ ಎಂದು ನನಗೆ ಕಲಿಸಿದವರು ಮರಾಠಿ ಮನೆಯಿಂದ ಬಂದ ಆ ಹೆಂಗಸು. ನನ್ನ ಬಿರುಸು ಬಾಯಿ ಸ್ವಲ್ಪವಾದರೂ ಮೆತ್ತಗಾಗಿದ್ದರೆ ಅದು ಅವರಿಂದ.

ಹೋದ ಚಳಿಗಾಲದಲ್ಲಿ ಮಾಮಿ ಹೋದರು. ಕೆಲವು ದಿನ ಎದೆನೋವು ಎಂದರು, ಒಂದು ಬೆಳಿಗ್ಗೆ ಏಳಲಿಲ್ಲ. ನಾನು ಸನಮಡಿ ಮುಟ್ಟಿದಾಗ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು, ವಿಭೂತಿ ಹಚ್ಚಿದ್ದರು. ನಮ್ಮಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿಯೇ ಮಣ್ಣಿಗೆ ಕೊಡುವುದು. ‘ರೀ ಬಾಯಿ’ ಎಂದು ನಗುತ್ತಿದ್ದ ಹೆಂಗಸರು ಅಂಗಳದಲ್ಲಿ ಹಾಡಿಕೊಂಡು ಅಳುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ.

ಹೆಣ ಕೂರಿಸಿ ಹೊತ್ತೊಯ್ಯುವ, ಹೂವು ಕಟ್ಟಿದ ವಿಮಾನ ಅಂಗಳದಲ್ಲಿತ್ತು. ಕೂತ ಭಂಗಿಯಲ್ಲೇ ನಾಲ್ಕು ಮಂದಿ ಅವರನ್ನು ಎತ್ತಿಕೊಂಡು ತಲೆಬಾಗಿಲಿಗೆ ಬಂದರು. ಹೊತ್ತವರು ರೂಢಿಯಂತೆ ತಾವು ಬಗ್ಗಿದರು. ಮಾಮಿಯ ಕತ್ತು ಸೆಟೆದಿತ್ತು, ತಲೆ ಮೇಲೆಯೇ ಉಳಿಯಿತು. ನಾನು ಮಂದಿಯನ್ನು ಸರಿಸಿ ಹೋಗಿ ಮೇಲ್ಪಟ್ಟಿಗೆ ಅಂಗೈ ಅಡ್ಡ ಹಿಡಿದೆ. ಅವರ ತಣ್ಣನೆಯ ಹಣೆ ನನ್ನ ಅಂಗೈಗೆ ತಾಗಿತು, ಗೆಣ್ಣು ಕಟ್ಟಿಗೆಗೆ ಒತ್ತಿತು.

“ಮಾಮಿ,” ಎಂದೆ, “ಬಗ್ರಿ.”