ಹಕ್ಕಿ ಪಾಲನ್ನೂ ಕೀಳುವ ವದಾದ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀಗ ಹಾಕಿದ ದೊಡ್ಡ ಮನೆಯೊಂದರ ತೋಟದಲ್ಲಿ, ಏಣಿಯ ತುದಿಯಲ್ಲಿ ನಿಂತು ವದಾದ್ ಖರ್ಮಾ, ಅಂದರೆ ಪರ್ಸಿಮನ್ ಹಣ್ಣು ಕೀಳುತ್ತಿದ್ದಾರೆ. ಮರದಲ್ಲಿ ಒಂದೆಲೆಯಿಲ್ಲ. ಟೊಮೆಟೊ ಬಣ್ಣದ ಹಣ್ಣುಗಳಷ್ಟೇ ತುದಿಯಲ್ಲಿ ತೂಗುತ್ತಿವೆ. ಕೈಗೆ ಎಟುಕದ್ದನ್ನು ಅವರು ಕೋಲಿನಿಂದ ಬಡಿದು ಬೀಳಿಸುತ್ತಾರೆ, ಕೆಳಗೆ ಬಿದ್ದು ಒಡೆದದ್ದರ ಮೇಲೆ ಮಣ್ಣು ಎಳೆಯುತ್ತಾರೆ. ಸೊಂಟಕ್ಕೆ ಖಾಲಿ ಎಣ್ಣೆ ಡಬ್ಬಿಯೊಂದನ್ನು ಕಟ್ಟಿಕೊಂಡಿದ್ದಾರೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳುವುದು ಪತ್ರಿಕೆಯವರ ವಾಡಿಕೆ. ವದಾದ್ ಮಾತ್ರ ಈಗ ಮರದಲ್ಲಿ ಒಂದು ಕಾಯಿಯನ್ನೂ ಉಳಿಸುತ್ತಿಲ್ಲ, ಮರೆಯಾಗಲು ಎಲೆಯೂ ಇಲ್ಲ.

ಲೆಬನಾನಿನ ಬೆಟ್ಟದ ನಮ್ಮೂರಿಗೆ ಬೇಸಿಗೆ ಕಳೆಯಲು ಬರುವ ಬೈರೂತಿನ ಮಂದಿ ಚಳಿ ಬಿತ್ತೆಂದರೆ ಗಂಟುಮೂಟೆ ಕಟ್ಟಿ ಇಳಿದುಹೋಗುತ್ತಾರೆ. ಆಮೇಲೆ ಅವರ ತೋಟಗಳೆಲ್ಲ ವದಾದ್ ಪಾಲಿಗೆ. ಸವರುವುದು, ಅಗೆಯುವುದು, ಗೊಬ್ಬರ ಹೊರುವುದು. ಅಪ್ಪ ಮಾಡುತ್ತಿದ್ದ ಕೆಲಸವಿದು. ಮದುವೆಯಾಗದ ಮಗಳ ಕೈಗೆ ಅವರು ಕತ್ತರಿ ಕೊಟ್ಟು, ಒಂದೇ ಒಂದು ಮಾತು ಹೇಳಿ ಕಣ್ಣುಮುಚ್ಚಿದರು: ತುದಿಯ ಹಣ್ಣು ಹಕ್ಕಿಗಳ ಪಾಲು, ಮುಟ್ಟಬೇಡ.

ಆ ಪಾಲು ತಿನ್ನಲು ಬರುವುದು ಕರಿಟೋಪಿ. ಬೂದು ಮೈಯ ಪುಟ್ಟ ಹಾಡುಹಕ್ಕಿ, ಗಂಡಿನ ತಲೆ ಮೇಲೆ ಕಪ್ಪು ಟೋಪಿ, ಹೆಣ್ಣಿನದು ಕಂದು. ಉತ್ತರದಲ್ಲಿ ಹಿಮ ಬೀಳತೊಡಗಿದಾಗ ದಣಿದು ಬಂದು ನಮ್ಮ ತೋಟಗಳಿಗೆ ಇಳಿಯುತ್ತದೆ. ಮೊದಲ ಕರಿಟೋಪಿ ಕಂಡವರು ರೊಟ್ಟಿ ಭಟ್ಟಿಯ ಶಫೀಕನಿಗೆ ಹೋಗಿ ಹೇಳಬೇಕು, ಅವನು ಝಾತರ್ ಮಸಾಲೆ ಸವರಿದ ಬಿಸಿ ರೊಟ್ಟಿಯನ್ನು ಪುಕ್ಕಟೆ ಕೊಡಬೇಕು. ಅವತ್ತೇ ಊರವರು ಸೌದೆ ಒಲೆಗಳನ್ನು ಒಳಕ್ಕೆ ತಂದಿಡುತ್ತಾರೆ. ಹೆಚ್ಚಿನ ವರ್ಷ ಆ ರೊಟ್ಟಿ ವದಾದ್ ಅವರದೇ.

ಹೋದ ವರ್ಷವೂ ಹೇಳಿದರು. ಯಾವ ತೋಟ, ಯಾವ ಮರ ಎಂದು ಬಾಯಿತುಂಬ ಹೇಳಿದರು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಅವರಲ್ಲಿ ವದಾದ್ ಅವರ ತಮ್ಮ ನಖ್ಲೆಯೂ ಇದ್ದ.

"ಭಾನುವಾರ ಊಟಕ್ಕೆ ಕರ್ದ. ತಟ್ಟೆ ತುಂಬ ಹುರಿದ ಹಕ್ಕಿ, ಮೇಲೆ ದಾಳಿಂಬೆ ಪಾಕ," ಎನ್ನುತ್ತಾರೆ ವದಾದ್, ಕೋಲು ಕೆಳಗಿಡದೆ. "ನಾನೂ ತಿಂದೆ. ಚೆನ್ನಾಗಿದೆ ಕಣೋ, ಎಲ್ಲಿಂದ ತಂದೆ ಅಂದೆ. ಅದಕ್ಕವನು ಏನಂದ ಗೊತ್ತಾ? 'ತರೋದೇನು ಬಂತಕ್ಕ, ನಿನ್ನ ಹಣ್ಣು ತಿಂದೇ ಕೊಬ್ಬಿದ್ದು' ಅಂತ ನಕ್ಕ."

ವದಾದ್ ಊಟ ಬಿಟ್ಟೆದ್ದು ತೋಟಕ್ಕೆ ಓಡಿದರೆ, ಹಕ್ಕಿ ಪಾಲಿನ ಹಣ್ಣುಗಳ ಪಕ್ಕದಲ್ಲೇ ಅಂಟು ಸವರಿದ ಕಡ್ಡಿಗಳು. ಒಂದು ಹೆಣ್ಣು ಹಕ್ಕಿ ಇನ್ನೂ ತಲೆಕೆಳಗಾಗಿ ನೇತಾಡುತ್ತಿತ್ತು. ಬಿಡಿಸಲು ಹೋದರೆ ರೆಕ್ಕೆಯ ಗರಿಗಳೇ ಕಡ್ಡಿಯಲ್ಲಿ ಉಳಿದವು, ಹಕ್ಕಿ ಅಂಗೈಯಲ್ಲಿ ಸತ್ತಿತು. ಅಪ್ಪ ಹಕ್ಕಿಗೆಂದು ಬಿಡಿಸಿದ್ದ ಪಾಲು ಮಗನ ಅಂಟುಕಡ್ಡಿಗೆ ಎರೆಯಾಗಿತ್ತು. ನನಗಂತೂ ಈ ಊರಿನ ಬಾಯಿಚಪಲ ನೆನೆದರೆ ಹೇಸಿಗೆಯಾಗುತ್ತದೆ.

ನಖ್ಲೆಗೆ ನಾಚಿಕೆಯೇನಿಲ್ಲ. ಬೇಲಿಯಾಚೆ ನಿಂತು ಅಕ್ಕನನ್ನು ರೇಗಿಸುತ್ತಾನೆ. "ಏನಕ್ಕ, ಮರ ಬೋಳಿಸ್ತಿದ್ದೀಯ? ಅಪ್ಪ ನೋಡಿದ್ರೆ ಅಳೋರು."

"ನೋಡಿದ್ರೆ ನಿನ್ನ ಕೈ ಮುರಿಯೋರು ಕಣೋ. ನಡಿ ಅತ್ಲಾಗೆ."

"ನಾನೊಬ್ಬನೇನಾ? ಕೆಳಗಿನ ಕಣಿವೆಗೆ ಹೋಗಿ ನೋಡು, ಪೊದೆಪೊದೆಗೂ ಕಡ್ಡಿ. ಇಲ್ಲಿಂದ ಓಡಿಸಿದ್ರೆ ಅಲ್ಲಿ ಸಿಕ್ಕೊಳ್ತವೆ, ಅಷ್ಟೇ."

ವದಾದ್ ಮತ್ತೆ ಕೋಲೆತ್ತುತ್ತಾರೆ. ಅವನು ಹೇಳಿದ್ದು ಸುಳ್ಳಲ್ಲ.

ಭಟ್ಟಿಯ ಮುಂದೆ ಹಾದುಹೋಗುವಾಗ ಶಫೀಕ ಕೂಗುತ್ತಾನೆ. "ವದಾದಕ್ಕ, ಕರಿಟೋಪಿ ಬಂತಾ? ರೊಟ್ಟಿ ಕಾಯ್ತಿದೆ!"

"ಇಲ್ಲಪ್ಪ, ಈ ಸಲ ಸುದ್ದಿಯೇ ಇಲ್ಲ," ಎಂದು ಅವರು ತಲೆ ಬಗ್ಗಿಸಿ ನಡೆಯುತ್ತಾರೆ. ಹಕ್ಕಿ ಬಂದು ಆಗಲೇ ವಾರವಾಗಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಕಿವಿ ಕೆಂಪಗಾಗಿರುತ್ತದೆ. ಊರಲ್ಲಿ ಒಲೆಗಳು ಇನ್ನೂ ಹೊರಗೇ ಇವೆ. ಮುದುಕರು ಚಳಿಗೆ ಗೊಣಗುತ್ತಿದ್ದಾರೆ.

ಮರುದಿನ ಮತ್ತೆ ಅದೇ ತೋಟ. ಮರ ಪೂರ್ತಿ ಬರಿದಾಗಿದೆ. ಆದರೂ ಎಲ್ಲಿಂದಲೋ ಒಂದು ಕಂದು ಟೋಪಿ ಬಂದು, ಹಣ್ಣಿದ್ದ ಜಾಗದಲ್ಲಿ ಕೂತು, ಖಾಲಿ ತೊಟ್ಟನ್ನು ಕುಕ್ಕುತ್ತದೆ. ವದಾದ್ ಉಸಿರು ಹಿಡಿದು ನೋಡುತ್ತಾರೆ. ಜೇಬಿನಲ್ಲಿ ಒಂದು ಹಣ್ಣಿದೆ, ಕೈ ಅತ್ತ ಹೋಗಿ ನಿಲ್ಲುತ್ತದೆ. ಆಮೇಲೆ ಸೊಂಟದ ಡಬ್ಬಿ ಬಿಚ್ಚಿ ಚಮಚದಿಂದ ಢಣಢಣ ಬಾರಿಸುತ್ತಾರೆ. ಹಕ್ಕಿ ಕಣಿವೆಯತ್ತ ಹಾರುತ್ತದೆ.

"ಮುಂದೆ ಎಲ್ಲಿಳಿಯುತ್ತೋ, ಏನಾಗುತ್ತೋ, ನನ್ನ ಕೈಲಿಲ್ಲ," ಎನ್ನುತ್ತಾರೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಕೇಳಬಾರದಿತ್ತೇನೋ.

"ಹಕ್ಕಿ ಪಾಲು ಮತ್ತೆ ಮರದಲ್ಲೇ ಬಿಡಬೇಕು ಅಂತಾಸೆ. ನಾನಿರೋತನಕ ಆಗಲ್ಲ ಬಿಡು." ಸೆರಗಿನಂಥ ತಲೆವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಬೋಳು ಮರವನ್ನು ತೋರಿಸುತ್ತಾರೆ. "ಆದ್ರೆ ಬರ್ಕೊ. ಈ ಸಲ ನನ್ನ ತೋಟದಲ್ಲಿ ಒಂದು ಹಕ್ಕಿಗೂ ಹೊಟ್ಟೆ ತುಂಬಿಲ್ಲ."